ಆಸ್ತಿಕ–ನಾಸ್ತಿಕರ ಪರಸ್ಪರ ಗೌರವ

ದೇವರಿದ್ದಾನೆಂದು ನಂಬಿ ನಡೆಯುವವರೂ ಇಲ್ಲವೆಂದು ತಿಳಿದು ನಡೆಯುವವರೂ ಒಂದೇ ಊರಿನಲ್ಲಿ, ಒಂದೇ ಕಚೇರಿಯಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ ಬಾಳುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಇವರಿಬ್ಬರೂ ಒಬ್ಬರನ್ನೊಬ್ಬರು ಗೌರವಿಸಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗೌರವವೆಂದರೇನು ಎಂದು ಕೇಳಿದೊಡನೆ ಉತ್ತರ ಕಠಿಣವಾಗುತ್ತದೆ. ಪರಸ್ಪರರ ಮತವನ್ನು ಒಪ್ಪಿಕೊಳ್ಳುವುದೇ ಗೌರವವೆನ್ನೋಣವೆಂದರೆ, ಒಪ್ಪಿದ ಬಳಿಕ ಆಸ್ತಿಕನು ಆಸ್ತಿಕನಾಗಿಯೂ ನಾಸ್ತಿಕನು ನಾಸ್ತಿಕನಾಗಿಯೂ ಉಳಿಯಲಾರರು. ಆ ವಿಷಯವನ್ನೇ ಎತ್ತದೆ ಮೌನವಾಗಿರುವುದು ಗೌರವವೆನ್ನೋಣವೆಂದರೆ, ಅಂತಹ ಮೌನದ ಕೆಳಗೆ ತಿರಸ್ಕಾರವು ಬೆಚ್ಚಗೆ ಮಲಗಿರುವುದುಂಟು. ಹಾಗಾದರೆ ಭಿನ್ನಮತವನ್ನು ಕಾಯ್ದುಕೊಂಡೇ ಗೌರವಿಸುವ ಮಾರ್ಗ ಯಾವುದು? ಈ ಪ್ರಶ್ನೆಯನ್ನು ಮಂಗಳೂರು ಹಾಗೂ ಅದರ ಸುತ್ತಣ ನಾಡಿನ ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಬ್ದಾರ್ಥ ವಿಚಾರ

ಆಸ್ತಿಕ, ನಾಸ್ತಿಕ ಎಂಬ ಶಬ್ದಗಳಿಗೆ ಇಂದು ನಾವು ಕೊಡುವ ಅರ್ಥ ಪ್ರಾಚೀನವಾದುದಲ್ಲ. ಪಾಣಿನಿಯು ‘ಉಂಟು’ ಎನ್ನುವ ಮತಿಯುಳ್ಳವನು ಆಸ್ತಿಕ, ‘ಇಲ್ಲ’ ಎನ್ನುವ ಮತಿಯುಳ್ಳವನು ನಾಸ್ತಿಕ ಎಂಬರ್ಥದಲ್ಲಿ ಈ ಶಬ್ದಗಳನ್ನು ಸಾಧಿಸುತ್ತಾನೆ. ಏನು ಉಂಟು, ಏನು ಇಲ್ಲ ಎಂಬುದನ್ನು ಸೂತ್ರವು ಹೇಳುವುದಿಲ್ಲ. ವ್ಯಾಖ್ಯಾನಕಾರರು ಅದನ್ನು ಪರಲೋಕಕ್ಕೆ ಅನ್ವಯಿಸಿದರು. ಸ್ಮೃತಿಕಾರರ ಕಾಲಕ್ಕೆ ವೇದವನ್ನು ನಿಂದಿಸುವವನೇ ನಾಸ್ತಿಕನೆಂಬ ಅರ್ಥ ನೆಲೆಗೊಂಡಿತು. ಇದರ ಪರಿಣಾಮ ವಿಚಿತ್ರವಾದುದು. ತಪಸ್ಸು, ವ್ರತ, ಅಹಿಂಸೆಗಳಲ್ಲಿ ಯಾರಿಗೂ ಕಡಿಮೆಯಿಲ್ಲದ ಜೈನರೂ ಬೌದ್ಧರೂ ನಾಸ್ತಿಕರೆನಿಸಿದರು. ಜಗತ್ಕರ್ತನಾದ ಈಶ್ವರನ ಅಗತ್ಯವನ್ನೇ ಕಾಣದ ನಿರೀಶ್ವರ ಸಾಂಖ್ಯರೂ ಪ್ರಾಚೀನ ಮೀಮಾಂಸಕರೂ ವೇದವನ್ನು ಒಪ್ಪಿದ ಕಾರಣದಿಂದ ಆಸ್ತಿಕರೆನಿಸಿದರು.

ಹನ್ನೆರಡನೆಯ ಶತಮಾನದ ಶರಣರು ವೇದದ ಅಧಿಕಾರವನ್ನೂ ಯಜ್ಞಯಾಗಾದಿಗಳನ್ನೂ ಸ್ಥಾವರಪೂಜೆಯನ್ನೂ ನಿರ್ಭಿಡೆಯಿಂದ ಪ್ರಶ್ನಿಸಿದರೆಂಬುದು ವಾಚಕರಿಗೆ ತಿಳಿದೇ ಇದೆ. ಸ್ಮೃತಿಕಾರರ ಅಳತೆಗೋಲನ್ನು ಹಿಡಿದರೆ ಶಿವನಲ್ಲಿ ಸರ್ವಸ್ವವನ್ನೂ ಅರ್ಪಿಸಿದ ಆ ಮಹನೀಯರಿಗೂ ನಾಸ್ತಿಕರೆಂಬ ಹೆಸರು ಅಂಟೀತು. ಇಷ್ಟರಿಂದಲೇ ಒಂದು ಮಾತು ಸ್ಪಷ್ಟವಾಗುತ್ತದೆ. ನಾಸ್ತಿಕನೆಂಬ ಶಬ್ದವು ಇತಿಹಾಸದುದ್ದಕ್ಕೂ ಒಬ್ಬನ ಸಿದ್ಧಾಂತವನ್ನು ತಿಳಿಸುವ ಹೆಸರಾಗಿದ್ದುದಕ್ಕಿಂತ ಹೆಚ್ಚಾಗಿ ಅವನನ್ನು ಪಂಕ್ತಿಯಿಂದ ಹೊರಗಿಡುವ ಸಾಧನವಾಗಿದ್ದಿತು. ಆದುದರಿಂದ ಆ ಹೆಸರನ್ನು ಇನ್ನೊಬ್ಬರಿಗೆ ಹಚ್ಚುವ ಮುನ್ನ ಭಕ್ತರಾದವರು ಎರಡು ಸಲ ಯೋಚಿಸಬೇಕಾದುದು ನ್ಯಾಯ. ಈ ಲೇಖನದಲ್ಲಿ ಮಾತ್ರ ಅದನ್ನು ಇಂದಿನ ಬಳಕೆಯಂತೆ, ದೇವರನ್ನು ಒಪ್ಪದವನೆಂಬ ಅರ್ಥದಲ್ಲಿ, ಯಾವ ನಿಂದೆಯನ್ನೂ ಸೇರಿಸದೆ ಪ್ರಯೋಗಿಸಲಾಗಿದೆ.

2. ಪೂರ್ವಪಕ್ಷವೆಂಬ ಶಿಸ್ತು

ಭಿನ್ನಮತದವರನ್ನು ಗೌರವಿಸುವ ಒಂದು ವಿಧಾನವು ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಇದೆ. ಅದೇ ಪೂರ್ವಪಕ್ಷ. ತನ್ನ ಸಿದ್ಧಾಂತವನ್ನು ಸ್ಥಾಪಿಸಹೊರಟವನು ಮೊದಲು ಎದುರಾಳಿಯ ವಾದವನ್ನು, ಎದುರಾಳಿಯೇ ಕೇಳಿ ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವಂತೆ ನಿರೂಪಿಸಬೇಕು. ಅನಂತರವಷ್ಟೇ ಅವನಿಗೆ ಖಂಡಿಸುವ ಅಧಿಕಾರ.

ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಾಧವಾಚಾರ್ಯರು ರಚಿಸಿದ ಸರ್ವದರ್ಶನಸಂಗ್ರಹವು ಇದಕ್ಕೆ ಉತ್ತಮ ನಿದರ್ಶನ. ಆ ಗ್ರಂಥವು ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ಅನುಮಾನಪ್ರಮಾಣದ ಮೇಲೆ ಚಾರ್ವಾಕನು ಎತ್ತುವ ಆಕ್ಷೇಪವನ್ನು ಅವರು ಸಂಕ್ಷೇಪಿಸಿ ತೇಲಿಸಿಬಿಟ್ಟಿಲ್ಲ. ಹೊಗೆಯಿರುವಲ್ಲೆಲ್ಲ ಬೆಂಕಿಯಿದೆಯೆಂಬ ವ್ಯಾಪ್ತಿಯು ಹೇಗೆ ತಿಳಿಯಿತು? ಪ್ರತ್ಯಕ್ಷದಿಂದಲೆಂದರೆ ಕಳೆದುಹೋದ ಮತ್ತು ಮುಂದೆ ಬರಲಿರುವ ಹೊಗೆಗಳನ್ನು ಯಾರೂ ಕಂಡಿಲ್ಲ. ಅನುಮಾನದಿಂದಲೆಂದರೆ ಆ ಅನುಮಾನಕ್ಕೆ ಮತ್ತೊಂದು ವ್ಯಾಪ್ತಿ ಬೇಕು. ಹೀಗೆ ಅನವಸ್ಥೆ ಬಂದೊದಗುತ್ತದೆ. ಈ ತರ್ಕವನ್ನು ಮಾಧವರು ಅದರ ಪೂರ್ಣಬಲದೊಡನೆ ನಿರೂಪಿಸಿದ್ದಾರೆ. ಚಾರ್ವಾಕರ ಮೂಲಗ್ರಂಥಗಳು ಬಹುಮಟ್ಟಿಗೆ ನಷ್ಟವಾದುವು. ಅವರ ವಿಚಾರಗಳು ನಮಗೆ ದೊರೆತಿರುವುದು ಅವರನ್ನು ಖಂಡಿಸಿದವರ ಪ್ರಾಮಾಣಿಕತೆಯಿಂದ. ಯಾವ ದರ್ಶನವನ್ನೂ ಉಳಿಸದೆ ಶಂಕಿಸುವ ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹವೆಂಬ ಗ್ರಂಥವಂತೂ ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ತಾಳೆಗರಿಯಾಗಿ ಉಳಿದಿದ್ದು, 1940ರಲ್ಲಿ ಅಚ್ಚಾಯಿತು. ಜೈನಸಿದ್ಧಾಂತವನ್ನೂ ಅಲ್ಲಗಳೆಯುವ ಗ್ರಂಥವನ್ನು ಜೈನರೇ ಶತಮಾನಗಳ ಕಾಲ ಕಾಪಾಡಿದರು. ಒಪ್ಪದಿರುವವನ ಮಾತನ್ನು ಕೆಡದಂತೆ ಕಾಯುವುದು ಗೌರವದ ಅತ್ಯುನ್ನತ ರೂಪಗಳಲ್ಲೊಂದೆಂದು ಹೇಳಲು ಅಡ್ಡಿಯಿಲ್ಲ.

3. ಕದ್ರಿಯ ಸಾಕ್ಷ್ಯ

ಶಾಸ್ತ್ರಗ್ರಂಥಗಳ ಈ ಮನೋಧರ್ಮವು ಲೋಕವ್ಯವಹಾರದಲ್ಲಿಯೂ ಇದ್ದಿತೇ ಎಂದು ಕೇಳುವವರು ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯವನ್ನು ನೋಡಬಹುದು. ಈ ಶಿವಾಲಯದಲ್ಲಿ ಮೂರು ಮುಖ, ಆರು ಭುಜಗಳುಳ್ಳ ಲೋಕೇಶ್ವರನ ಭವ್ಯವಾದ ಲೋಹಮೂರ್ತಿಯೊಂದಿದೆ. ಅದರ ಪೀಠದ ಮೇಲಣ ಸಂಸ್ಕೃತ ಶಾಸನವು ಕ್ರಿ. ಶ. 968ರದು. ಆಳುಪ ಅರಸ ಕುಂದವರ್ಮನು ಇದನ್ನು ಕದರಿಕೆಯ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಆ ಶಾಸನ ತಿಳಿಸುತ್ತದೆ. ಲೋಕೇಶ್ವರನು ಬೌದ್ಧರ ಬೋಧಿಸತ್ತ್ವ. ವಿಹಾರವೆಂಬುದು ಬೌದ್ಧರ ನೆಲೆ. ಮೂರ್ತಿಯನ್ನು ಮಾಡಿಸಿದ ಅರಸನಾದರೋ ಅದೇ ಶಾಸನದಲ್ಲಿ ಚಂದ್ರಶೇಖರನಾದ ಶಿವನ ಪಾದಕಮಲದ ಭ್ರಮರನೆಂದು ವರ್ಣಿತನಾಗಿದ್ದಾನೆ. ಸಮೀಪದಲ್ಲಿಯೇ ನಾಥಪಂಥದ ಜೋಗಿಮಠವೂ ಇದೆ.

ಇದನ್ನು ಇಂದಿನ ಅರ್ಥದ ನಾಸ್ತಿಕತೆಗೆ ಸಾಕ್ಷ್ಯವೆಂದು ಹೇಳುವಂತಿಲ್ಲ. ಲೋಕೇಶ್ವರನನ್ನು ಪೂಜಿಸಿದವರು ಭಕ್ತರೇ ಆಗಿದ್ದರು. ಆದರೆ ವೈದಿಕ ಶಾಸ್ತ್ರಕಾರರು ನಾಸ್ತಿಕವೆಂದು ಗಣಿಸಿದ ಮತವೊಂದರ ಮೂರ್ತಿಯನ್ನು ಶಿವಭಕ್ತನಾದ ಅರಸನೊಬ್ಬನು ಮಾಡಿಸಿದನು, ಬೌದ್ಧಮತವು ಈ ಕರಾವಳಿಯಿಂದ ಮರೆಯಾದ ಮೇಲೂ ಶೈವರು ಅದನ್ನು ಒಡೆಯದೆ ಉಳಿಸಿಕೊಂಡರು ಎಂಬಿಷ್ಟು ನಿಜ. ಮಂಗಳೂರಿನ ಈಶಾನ್ಯಕ್ಕಿರುವ ಮೂಡುಬಿದಿರೆಯಲ್ಲಿ, ಸೃಷ್ಟಿಕರ್ತನಾದ ದೇವರನ್ನು ಒಪ್ಪದ ಜೈನಧರ್ಮವು ಬಸದಿಗಳನ್ನು ಕಟ್ಟಿ, ಧವಲಾದಿ ಸಿದ್ಧಾಂತಗ್ರಂಥಗಳನ್ನು ರಕ್ಷಿಸಿಕೊಂಡು, ಸುತ್ತಲಿನ ದೈವಾರಾಧಕರೊಡನೆಯೂ ದೇವಾಲಯಗಳೊಡನೆಯೂ ಕೂಡಿ ಬಾಳಿತು. ಸೃಷ್ಟಿಕರ್ತನಿಲ್ಲವೆಂದ ಮಾತ್ರಕ್ಕೆ ನೀತಿಯಾಗಲಿ ನಿಯಮವಾಗಲಿ ಅಳಿದುಹೋಗುವುದಿಲ್ಲವೆಂಬುದನ್ನು ಈ ನಾಡು ಪುಸ್ತಕದಿಂದಲ್ಲ, ನೆರೆಹೊರೆಯಿಂದ ಕಲಿತಿದೆ.

4. ಪವಾಡ ಮತ್ತು ಪರೀಕ್ಷೆ

ಆಧುನಿಕ ಕಾಲದಲ್ಲಿ ಆಸ್ತಿಕರಿಗೂ ನಾಸ್ತಿಕರಿಗೂ ಅತಿ ಹೆಚ್ಚು ಘರ್ಷಣೆಯುಂಟಾದುದು ಪವಾಡಗಳ ವಿಷಯದಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸುವುದಕ್ಕಾಗಿ ಸಮಿತಿಯೊಂದನ್ನು ರಚಿಸಿದರು. ಅದು ದೇಶವ್ಯಾಪಿಯಾದ ಚರ್ಚೆಗೆ ಕಾರಣವಾಯಿತು. ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು ಖಾದಿಧಾರಿಗಳು, ಬ್ರಹ್ಮಚಾರಿಗಳು, ಗಾಂಧೀಮಾರ್ಗದವರು. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಸಣ್ಣ ಕೋಣೆಯೊಂದರಲ್ಲಿ ಬಹುಕಾಲ ಕಳೆದವರು. ಅವರ ವಿಚಾರವನ್ನು ಒಪ್ಪದ ಭಕ್ತರೂ ಅವರ ನಡತೆಯ ಮುಂದೆ ತಲೆಬಾಗುತ್ತಿದ್ದರು. ನಡೆನುಡಿಗಳ ಐಕ್ಯವನ್ನೇ ಪರಮಮೌಲ್ಯವೆಂದೆಣಿಸಿದ ಶರಣಧರ್ಮದ ಅನುಯಾಯಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ತೋರಬೇಕಾದುದಿಲ್ಲ.

ಅದೇ 1976ರಲ್ಲಿ ಮಂಗಳೂರಿನಲ್ಲಿ ದಕ್ಷಿಣ ಕನ್ನಡ ವಿಚಾರವಾದಿ ಸಂಘವು ಸ್ಥಾಪಿತವಾಯಿತು. ಅದರ ಸ್ಥಾಪಕರಾದ ಶ್ರೀ ನರೇಂದ್ರ ನಾಯಕರು ನಗರದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು. ಮುಂದೆ ಅಖಿಲ ಭಾರತ ವಿಚಾರವಾದಿ ಸಂಘಗಳ ಒಕ್ಕೂಟದ ಅಧ್ಯಕ್ಷರಾದವರು. ಊರೂರುಗಳ ಶಾಲೆಗಳಲ್ಲಿ ಅವರು ನಡೆಸಿದ ಪ್ರಾತ್ಯಕ್ಷಿಕೆಗಳು ಪ್ರಸಿದ್ಧವಾದುವು. ಇಂತಹ ಪ್ರಾತ್ಯಕ್ಷಿಕೆಗಳ ಮರ್ಮ ಸರಳವಾದುದು. ನಿಂಬೆಹಣ್ಣನ್ನು ಕೊಯ್ದಾಗ ‘ರಕ್ತ’ ಬಂದರೆ ಅದು ಕತ್ತಿಗೆ ಹಚ್ಚಿದ ರಾಸಾಯನಿಕದ ಪ್ರಭಾವ. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವುದು ಆರತಿಗೆ ಕುರುದಿನೀರು ಕಲಸುವ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಒಂದೆಡೆ ನಿಲ್ಲದಂತೆ ಸರಿಸುತ್ತಿದ್ದರೆ ಚರ್ಮ ಸುಡುವಷ್ಟು ಹೊತ್ತು ಶಾಖ ಒಂದೇ ಸ್ಥಳದಲ್ಲಿ ಉಳಿಯುವುದಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂದು ದೇಶವೇ ಸಾಲುಗಟ್ಟಿ ನಿಂತಿತು. ದ್ರವದ ಮೇಲ್ಮೈ ಎಳೆತದಿಂದ ಚಮಚದ ಹಾಲು ವಿಗ್ರಹವನ್ನು ತಾಕಿದೊಡನೆ ತೆಳುವಾದ ಪದರವಾಗಿ ಕೆಳಕ್ಕೆ ಹರಿಯುತ್ತಿತ್ತೆಂಬುದನ್ನು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿಕೊಟ್ಟರು.

ಇದರಿಂದ ಭಕ್ತಿಗೆ ಹಾನಿಯಾಯಿತೇ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಸಾಹಿತ್ಯದಲ್ಲಿಯೇ ಹುಡುಕಬಹುದು. ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬರುವ ಅಲ್ಲಮ–ಗೋರಕ್ಷರ ಸಂವಾದವನ್ನು ನೆನೆಯೋಣ. ಕಾಯಸಿದ್ಧಿಯನ್ನು ಪಡೆದು ವಜ್ರದೇಹಿಯೆನಿಸಿದ ಗೋರಕ್ಷನ ಶರೀರಕ್ಕೆ ಕತ್ತಿ ತಗಲಿದಾಗ ಖಣಿಲೆಂಬ ಸದ್ದಾಯಿತು. ಅಲ್ಲಮನ ಶರೀರದಲ್ಲಿ ಕತ್ತಿಯು ಬಯಲಿನಲ್ಲಿ ಆಡಿದಂತೆ ಆಡಿತು. ಕಥೆಯು ಪವಾಡದ ಭಾಷೆಯನ್ನೇ ಬಳಸಿದರೂ ಅದರ ತಾತ್ಪರ್ಯ ಸಿದ್ಧಿಯ ನಿರಾಕರಣೆ. ಮೈಯನ್ನು ಕಲ್ಲಾಗಿಸಿಕೊಳ್ಳುವುದು ಅರಿವಲ್ಲ, ‘ನಾನು’ ಎಂಬುದು ಕರಗುವುದೇ ಅರಿವು ಎಂದು ಅದು ಸಾರುತ್ತದೆ. ಗೋರಕ್ಷನನ್ನು ಗುರುವೆಂದು ಕೊಂಡಾಡುವ ನಾಥಪಂಥದ ಮಠವು ಕದ್ರಿಯಲ್ಲಿಯೇ ಇರುವುದರಿಂದ ಮಂಗಳೂರಿನವರಿಗೆ ಈ ಕಥೆ ದೂರದ್ದಲ್ಲ. ಸಿದ್ಧಿಯನ್ನು ಮೆಚ್ಚದ ಅಲ್ಲಮನನ್ನು ಪೂಜಿಸುವವರು ಕೈಚಳಕವನ್ನು ಬಯಲಿಗೆಳೆಯುವ ವಿಚಾರವಾದಿಯ ಮೇಲೆ ಮುನಿಯಲು ಕಾರಣವಿಲ್ಲ. ಕೈಬೀಸಿ ಉದುರಿಸುವ ಬೂದಿ ಬೇರೆ, ಹಣೆಯಲ್ಲಿ ಧರಿಸುವ ವಿಭೂತಿ ಬೇರೆ. ಮೊದಲನೆಯದರ ಗುಟ್ಟು ಹೊರಬಿದ್ದರೆ ಎರಡನೆಯದರ ಮಹತ್ತ್ವವು ಕುಗ್ಗುವುದಿಲ್ಲ.

ಇಲ್ಲಿ ವಿಚಾರವಾದಿಗಳೂ ಗಮನಿಸಬೇಕಾದ ಅಂಶವೊಂದಿದೆ. ಪವಾಡವು ಪರೀಕ್ಷೆಗೊಳಪಡುವ ವಸ್ತು. ಪ್ರಾರ್ಥನೆ, ಧ್ಯಾನ, ಶೋಕಕಾಲದ ಸಮಾಧಾನ ಇವು ಹಾಗಲ್ಲ. ನಿಂಬೆಹಣ್ಣಿನ ಗುಟ್ಟನ್ನು ಬಿಡಿಸಿದ ಮಾತ್ರಕ್ಕೆ ಅಕ್ಕಮಹಾದೇವಿಯ ಅನುಭಾವವನ್ನೂ ಬಿಡಿಸಿದಂತಾಯಿತೆಂದು ಭಾವಿಸುವವನು ಪೂರ್ವಪಕ್ಷವನ್ನು ಸರಿಯಾಗಿ ಹಿಡಿಯಲಿಲ್ಲವೆಂದೇ ಹೇಳಬೇಕಾಗುತ್ತದೆ.

5. ಕಾರಂತರ ನಿದರ್ಶನ

ಎದುರುಪಕ್ಷವನ್ನು ಒಳಹೊಕ್ಕು ಅರಿಯುವ ಈ ಶಿಸ್ತಿಗೆ ಕನ್ನಡಸಾಹಿತ್ಯದಲ್ಲಿ ಶಿವರಾಮ ಕಾರಂತರಷ್ಟು (1902–1997) ಸಮರ್ಥರಾದ ನಿದರ್ಶನ ವಿರಳ. ಕೋಟದಲ್ಲಿ ಹುಟ್ಟಿ, ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಅವರು ದೇವರ ವಿಷಯದಲ್ಲಿ ಸಂಶಯವಾದಿಗಳು. ಅದನ್ನು ಎಂದೂ ಮುಚ್ಚಿಟ್ಟುಕೊಂಡವರಲ್ಲ. ಆದರೂ ದೇವಾಲಯಗಳ ಆಶ್ರಯದಲ್ಲಿ, ಹರಕೆಯ ಸೇವೆಯಾಗಿ, ಚೌಕಿಯಲ್ಲಿ ಗಣಪತಿಯ ಪೂಜೆಯಾದ ಬಳಿಕವೇ ಆರಂಭವಾಗುವ ಯಕ್ಷಗಾನಕ್ಕೆ ತಮ್ಮ ಆಯುಷ್ಯದ ದಶಕಗಳನ್ನು ಧಾರೆಯೆರೆದರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆಯಿತು.

1968ರಲ್ಲಿ ಪ್ರಕಟವಾಗಿ, 1977ರಲ್ಲಿ ಅವರಿಗೆ ಜ್ಞಾನಪೀಠವನ್ನು ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಬಾಲ್ಯದಲ್ಲಿಯೇ ವಿಧವೆಯಾದ ಹಳ್ಳಿಯ ವೃದ್ಧೆಯೊಬ್ಬಳು, ವಸ್ತುಗಳನ್ನು ಮುಟ್ಟಿ ಅವುಗಳ ಗತಕಾಲವನ್ನು ಕಾಣಬಲ್ಲವಳು, ಮೊಮ್ಮಗ ಸುಬ್ಬರಾಯನೊಡನೆ ದೇವರ ಕಲ್ಪನೆಯು ಯುಗಯುಗಾಂತರಗಳಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು ಮಾತಾಡುತ್ತಾಳೆ. ಕಾರಂತರು ತಮ್ಮ ಸಂಶಯಗಳನ್ನು ಪಟ್ಟಣದ ಪಂಡಿತನೊಬ್ಬನ ಬಾಯಲ್ಲಿ ಹಾಕಬಹುದಿತ್ತು. ಹಾಗೆ ಮಾಡದೆ, ಆಸ್ತಿಕ ಸಂಸಾರದ ನಡುವೆಯೇ ಬಾಳಿದ, ಯಾರನ್ನೂ ಹೀಯಾಳಿಸದ, ಎಲ್ಲರಿಂದಲೂ ‘ಅಜ್ಜಿ’ ಎಂದು ಕರೆಸಿಕೊಳ್ಳುವ ಹೆಂಗಸಿನ ಬಾಯಲ್ಲಿ ಹಾಕಿದರು. ಪ್ರಶ್ನೆಯು ಹೊರಗಿನವನ ಆಕ್ರಮಣವಾಗದೆ ಮನೆಯೊಳಗಿನ ಮಾತಾಯಿತು. ಆದುದರಿಂದಲೇ ದೇವರನ್ನು ನಂಬುವ ಸಾವಿರಾರು ವಾಚಕರೂ ಆ ಕಾದಂಬರಿಯನ್ನು ಮನಸಾರೆ ಮೆಚ್ಚಿದರು.

6. ನಂಬಿಕೆಯೂ ಹಾನಿಯೂ

ಗೌರವಕ್ಕೆ ಒಂದು ಮೇರೆಯೂ ಉಂಟು. ಮನುಷ್ಯನ ಘನತೆಗೆ ಕುಂದು ತರುವ ಆಚರಣೆಯೊಂದನ್ನು ಧರ್ಮದ ಹೆಸರಿನಲ್ಲಿ ನಡೆಸಿದಾಗ ಅದನ್ನೂ ಗೌರವಿಸಬೇಕೇ? ದಕ್ಷಿಣ ಕನ್ನಡ ಜಿಲ್ಲೆಯ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಕಾಲಕ್ಕೆ ನಡೆಯುತ್ತಿದ್ದ ಮಡೆಸ್ನಾನದ ಸುತ್ತ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಬ್ರಾಹ್ಮಣರು ಉಂಡ ಎಂಜಲೆಲೆಗಳ ಮೇಲೆ ಭಕ್ತರು ಹರಕೆಯಾಗಿ ಉರುಳುವ ಆ ಪದ್ಧತಿಯನ್ನು ವಿಚಾರವಾದಿಗಳು ವಿರೋಧಿಸಿದರು. ಅವರೊಂದಿಗೆ ಧ್ವನಿಗೂಡಿಸಿದವರಲ್ಲಿ ಮಠಾಧಿಪತಿಗಳೂ ಇದ್ದರು. ನಿಡುಮಾಮಿಡಿ ಮಠದ ಶ್ರೀ ವೀರಭದ್ರ ಚನ್ನಮಲ್ಲ ಸ್ವಾಮಿಗಳು ಇಂತಹ ಆಚರಣೆಗಳನ್ನು ತಡೆಯುವ ಕಾನೂನಿಗಾಗಿ ಬಹಿರಂಗವಾಗಿ ಹೋರಾಡಿದರು. ಇನ್ನೊಂದೆಡೆ, ಆ ಪ್ರದೇಶದ ಮಲೆಕುಡಿಯ ಜನಾಂಗದ ಅನೇಕರು ಇದು ತಮ್ಮದೇ ಹರಕೆ, ಯಾರೂ ಬಲಾತ್ಕರಿಸಿದ್ದಲ್ಲ ಎಂದು ಪ್ರತಿಭಟಿಸಿದರು. ವಿಷಯವು ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳವರೆಗೂ ಹೋಯಿತು. ಕರ್ನಾಟಕ ವಿಧಾನಮಂಡಲವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ನಿಷೇಧಿಸುವ ಅಧಿನಿಯಮವನ್ನು ಅಂಗೀಕರಿಸಿತು. 2020ರಲ್ಲಿ ಅದು ಜಾರಿಗೆ ಬಂದಿತು.

ಈ ಅಧಿನಿಯಮದ ರಚನೆಯೇ ನಮ್ಮ ವಿಷಯಕ್ಕೆ ಬೋಧಪ್ರದವಾಗಿದೆ. ಎಂಜಲೆಲೆಯ ಮೇಲೆ ಉರುಳಿಸುವುದೇ ಮೊದಲಾದ ಆಚರಣೆಗಳನ್ನು ಅದು ನಿಷೇಧಿಸುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಪ್ರವಚನ, ಭಜನೆಗಳನ್ನು ಮುಟ್ಟುವುದಿಲ್ಲವೆಂದು ಸ್ಪಷ್ಟಪಡಿಸುತ್ತದೆ. ಹೀಗೆ ನಂಬಿಕೆ ಒಂದು, ಹಾನಿ ಮತ್ತೊಂದು ಎಂಬ ಗೆರೆಯನ್ನು ಅದು ಎಳೆದಿದೆ. ಆ ಗೆರೆಯನ್ನು ಎಳೆಯುವ ಕಾರ್ಯದಲ್ಲಿ ಕಾವಿಧಾರಿಯೂ ನಿರೀಶ್ವರವಾದಿಯೂ ಜೊತೆಯಲ್ಲಿದ್ದರು. ಒಬ್ಬರಿಗೆ ಪ್ರೇರಣೆ ಬಂದುದು ಸರ್ವರಲ್ಲಿಯೂ ಶಿವನಿದ್ದಾನೆಂಬ ಶ್ರದ್ಧೆಯಿಂದ. ಮತ್ತೊಬ್ಬರಿಗೆ ಬಂದುದು ಮನುಷ್ಯರೆಲ್ಲರೂ ಸಮಾನರೆಂಬ ವಿವೇಕದಿಂದ. ಫಲವು ಒಂದೇ ಆಯಿತು. ಆದರೆ ಮಲೆಕುಡಿಯರ ಮಾತನ್ನು ಕೇಳದೆ ಅವರನ್ನು ಅಜ್ಞಾನಿಗಳೆಂದು ಬದಿಗೊತ್ತಿದವರು ಎರಡೂ ಪಕ್ಷದಲ್ಲಿದ್ದರೆ, ಅವರು ಆ ಜನರಿಗೆ ಸಲ್ಲಬೇಕಾಗಿದ್ದ ಗೌರವವನ್ನು ಸಲ್ಲಿಸಲಿಲ್ಲವೆಂದೇ ಹೇಳಬೇಕು. ಆಚರಣೆಯನ್ನು ಖಂಡಿಸುವಾಗಲೂ ಆಚರಿಸುವವನ ಮಾತನ್ನು ಆಲಿಸುವುದು ಅವಶ್ಯ.

7. ಸತ್ಯವೆಂಬ ಸಮಾನ ನೆಲೆ

ಕಾನೂನಿನ ಗೆರೆಯ ಒಳಗೆ ಇಬ್ಬರೂ ನಿಲ್ಲಬಹುದಾದ ಸಮಾನ ನೆಲೆ ಯಾವುದೆಂಬುದಕ್ಕೆ ಮಹಾತ್ಮಾ ಗಾಂಧಿಯವರ ಜೀವನವು ಬೆಳಕು ಚೆಲ್ಲುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ನಿರೀಶ್ವರವಾದಿ ಚಾರ್ಲ್ಸ್ ಬ್ರ್ಯಾಡ್ಲಾ 1880ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದರೂ, ಪ್ರಮಾಣವಚನದ ವಿವಾದದಿಂದ 1886ರವರೆಗೆ ತನ್ನ ಸ್ಥಾನದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಲಾಗಲಿಲ್ಲ. ಭಾರತದ ಪರವಾಗಿ ನಿರಂತರವಾಗಿ ದನಿಯೆತ್ತಿದ ಆತ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದನು. 1891ರಲ್ಲಿ ಆತ ತೀರಿಕೊಂಡಾಗ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧಿಯವರು ಅಂತ್ಯಸಂಸ್ಕಾರಕ್ಕೆ ಹೋಗಿದ್ದರು. ಕ್ರೈಸ್ತ ಪಾದ್ರಿಗಳು ಕೆಲವರೂ ಕೊನೆಯ ಗೌರವ ಸಲ್ಲಿಸಲು ಬಂದಿದ್ದರೆಂದು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ನಾಸ್ತಿಕನೊಬ್ಬನು ಪಾದ್ರಿಯೊಬ್ಬರನ್ನು ನಿನ್ನ ದೇವರ ಗಾತ್ರವೆಷ್ಟು, ಎಲ್ಲಿದ್ದಾನೆ ಎಂದು ಕೆಣಕಿದನಂತೆ. ಆತನು ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆಂದು ಪಾದ್ರಿ ಉತ್ತರಿಸಿ, ಮತ್ತೂ ಕೆಣಕಿದಾಗ ಸುಮ್ಮನಾದರಂತೆ. ಈ ಪ್ರಸಂಗದಿಂದ ನಾಸ್ತಿಕತೆಯ ಬಗ್ಗೆ ತಮಗಿದ್ದ ವಿಮುಖತೆ ಹೆಚ್ಚಿತೆಂದು ಗಾಂಧಿಯವರು ಬರೆಯುತ್ತಾರೆ. ಬ್ರ್ಯಾಡ್ಲಾನ ಜೀವನವು ಗಳಿಸಿಕೊಟ್ಟ ಗೌರವವನ್ನು ಅವನ ಅನುಯಾಯಿಯೊಬ್ಬನ ಕುಚೋದ್ಯವು ಕೆಲವೇ ನಿಮಿಷಗಳಲ್ಲಿ ಕಳೆಯಿತೆಂಬುದು ಗಮನಾರ್ಹ.

ಆ ವಿಮುಖತೆಯು ಹಾಗೆಯೇ ಉಳಿಯಲಿಲ್ಲ. ದೇವರೇ ಸತ್ಯ ಎನ್ನುತ್ತಿದ್ದ ಗಾಂಧಿಯವರು ಸತ್ಯವೇ ದೇವರು ಎನ್ನತೊಡಗಿದರು. ದೇವರನ್ನು ಅಲ್ಲಗಳೆಯುವವರೂ ಸತ್ಯದ ಆವಶ್ಯಕತೆಯನ್ನು ಅಲ್ಲಗಳೆಯಲಾರರೆಂಬುದನ್ನು 1931ರಲ್ಲಿ ಅವರು ಅದಕ್ಕೆ ಕಾರಣವಾಗಿ ಹೇಳಿದರು. ಆಂಧ್ರದ ನಿರೀಶ್ವರವಾದಿ, ಅಸ್ಪೃಶ್ಯತಾ ನಿವಾರಣೆಗಾಗಿ ದುಡಿದ ಗೋರಾ ಅವರು (ಗೋಪರಾಜು ರಾಮಚಂದ್ರರಾವ್) 1944ರಿಂದ ಗಾಂಧಿಯವರೊಡನೆ ಸೇವಾಗ್ರಾಮದಲ್ಲಿ ದೀರ್ಘವಾದ ಸಂವಾದ ನಡೆಸಿದರು. ಗೋರಾ ತಮ್ಮ ಮಗಳನ್ನು ದಲಿತ ಯುವಕನೊಬ್ಬನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಆ ಮದುವೆ ತಮ್ಮ ಆಶ್ರಮದಲ್ಲಿಯೇ ಆಗಲೆಂದೂ ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಇರಲೆಂದೂ ಗಾಂಧಿಯವರು ಒಪ್ಪಿದರು. ಮದುವೆಗೆ ಮುನ್ನವೇ ಅವರ ಹತ್ಯೆಯಾಯಿತು. 1948ರ ಮಾರ್ಚ್ ತಿಂಗಳಿನಲ್ಲಿ ಸೇವಾಗ್ರಾಮದಲ್ಲಿಯೇ ಆ ವಿವಾಹವು ನೆರವೇರಿತು. ನಿತ್ಯವೂ ರಾಮನಾಮವನ್ನು ಜಪಿಸುತ್ತಿದ್ದವರು ನಿರೀಶ್ವರವಾದಿಯ ಮಗಳ ಮದುವೆಯಲ್ಲಿ ದೇವರ ಹೆಸರನ್ನು ಬಿಡಲೊಪ್ಪಿದುದರಿಂದ ಅವರ ಭಕ್ತಿ ಎಳ್ಳಷ್ಟೂ ತಗ್ಗಲಿಲ್ಲ.

ನಮ್ಮ ಸಂವಿಧಾನವೂ ಇದೇ ಹಾದಿಯನ್ನು ಹಿಡಿದಿದೆ. ಮೂರನೆಯ ಅನುಸೂಚಿಯಂತೆ ಅಧಿಕಾರ ವಹಿಸಿಕೊಳ್ಳುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಎರಡಕ್ಕೂ ಸಮಾನವಾದ ಬೆಲೆ. 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಕೊಟ್ಟಿದೆ. 1976ರ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಮತಭೇದಗಳನ್ನು ಮೀರಿದ ಸೋದರಭಾವವೂ ವೈಜ್ಞಾನಿಕ ಮನೋಭಾವವೂ ಒಂದೇ ಪಟ್ಟಿಯಲ್ಲಿವೆ.

8. ಗೌರವವಿಲ್ಲದಲ್ಲಿ

ಸತ್ಯವನ್ನು ಕೇಳುವ ಈ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗಿ ಬಂದ ನಿದರ್ಶನಗಳೂ ನಮ್ಮ ನಾಡಿನಲ್ಲಿವೆ. ವಚನಸಾಹಿತ್ಯದ ಸಂಪಾದನೆಗೆ ಬಾಳನ್ನೇ ಮುಡಿಪಿಟ್ಟ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಅದಕ್ಕೆ ಎರಡು ವರ್ಷಗಳ ಹಿಂದೆ ಪುಣೆಯಲ್ಲಿ ಡಾ. ನರೇಂದ್ರ ದಾಭೋಲ್ಕರ್ ಹತರಾಗಿದ್ದರು. ಒಬ್ಬರು ಶರಣಸಾಹಿತ್ಯದ ಸಂಶೋಧಕರು, ಇನ್ನೊಬ್ಬರು ಅಂಧಶ್ರದ್ಧೆಯ ವಿರೋಧಿಗಳು. ಗುಂಡಿಗೆ ಆ ಭೇದ ತಿಳಿಯಲಿಲ್ಲ.

ಮಂಗಳೂರಿನಲ್ಲಿ 2016ರ ಮಾರ್ಚ್ 21ರಂದು ಮಾಹಿತಿ ಹಕ್ಕಿನ ಕಾರ್ಯಕರ್ತ ವಿನಾಯಕ ಬಾಳಿಗಾ ಅವರ ಕೊಲೆಯಾಯಿತು. ಅವರು ನಾಸ್ತಿಕರಲ್ಲ. ದೇವಾಲಯವನ್ನು ತಮ್ಮದೆಂದು ಭಾವಿಸಿ, ಅದರ ಹಣಕಾಸಿನ ವ್ಯವಹಾರದಲ್ಲಿ ಲೆಕ್ಕ ಕೇಳುತ್ತಿದ್ದ ಆಸ್ತಿಕರು. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದು ನಮ್ಮ ವಿಷಯವಲ್ಲ. ನಮಗೆ ಮುಖ್ಯವಾದುದು ಅನಂತರದ ಸಂಗತಿ. ಆ ಭಕ್ತನಿಗೆ ನ್ಯಾಯ ದೊರೆಯಬೇಕೆಂದು ಆತನ ಸೋದರಿಯರೊಡನೆ ಬೀದಿಯಲ್ಲಿ ನಿಂತವರಲ್ಲಿ ಮುಂಚೂಣಿಯಲ್ಲಿದ್ದವರು ದೇವರನ್ನೇ ನಂಬದ ನರೇಂದ್ರ ನಾಯಕರು. ಈ ಹೋರಾಟದ ಕಾಲದಲ್ಲಿ ಪ್ರಾಣಭಯವಿದ್ದುದರಿಂದ ಅವರಿಗೆ ಸರಕಾರವು ಸಶಸ್ತ್ರ ಪೊಲೀಸ್ ರಕ್ಷಣೆ ಒದಗಿಸಬೇಕಾಯಿತು. ದೇವಾಲಯದ ಲೆಕ್ಕ ಶುದ್ಧವಾಗಿರಬೇಕೆಂಬ ಭಕ್ತನ ಹಂಬಲವನ್ನು ನಾಸ್ತಿಕನೊಬ್ಬನು ತನ್ನದಾಗಿ ಮಾಡಿಕೊಂಡನು. ಪರಸ್ಪರ ಗೌರವವೆಂಬುದಕ್ಕೆ ಈ ಊರು ಕೊಡಬಹುದಾದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದನ್ನು ಕಾಣೆವು.

9. ಗೃಹಧರ್ಮದಲ್ಲಿ

ಇಂತಹ ದೊಡ್ಡ ಪ್ರಸಂಗಗಳು ಎಲ್ಲರ ಬಾಳಿನಲ್ಲಿಯೂ ಬರುವುದಿಲ್ಲ. ಮನೆಯೊಳಗಿನ ಪ್ರಸಂಗಗಳಾದರೋ ಎಲ್ಲರಿಗೂ ಬರುತ್ತವೆ. ವೈದ್ಯಕೀಯವನ್ನೋ ಇಂಜಿನಿಯರಿಂಗನ್ನೋ ಓದಿ ಬಂದ ಮಗನು ಇಷ್ಟಲಿಂಗವನ್ನು ಧರಿಸಲೊಲ್ಲೆನೆನ್ನುತ್ತಾನೆ. ತುಳುನಾಡಿನ ಕುಟುಂಬದ ಮನೆಯಲ್ಲಿ ಕೋಲಕ್ಕೆ ಬಂದ ಸೊಸೆಯು ದೈವದ ಗಂಧಪ್ರಸಾದವನ್ನು ಕೈಚಾಚಿ ತೆಗೆದುಕೊಳ್ಳದೆ ದೂರ ನಿಲ್ಲುತ್ತಾಳೆ. ತನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನವಾಗಿ ಬರೆದಿಟ್ಟ ತಂದೆ ತೀರಿಕೊಂಡಾಗ, ಸಮಾಧಿಕ್ರಿಯೆಯಾಗದೆ ಮುಕ್ತಿಯುಂಟೇ ಎಂದು ತಾಯಿ ಕಣ್ಣೀರಿಡುತ್ತಾಳೆ. ಇಲ್ಲಿ ಸಿದ್ಧಾಂತಕ್ಕಿಂತ ಸಂಬಂಧವೇ ಪರೀಕ್ಷೆಗೊಳಗಾಗುತ್ತದೆ.

ಇಂತಹ ವೇಳೆಯಲ್ಲಿ ಮೇಲೆ ಹೇಳಿದ ಶಿಸ್ತು ಉಪಯೋಗಕ್ಕೆ ಬರುತ್ತದೆ. ಮಗನು ಏಕೆ ಒಲ್ಲನೆಂಬುದನ್ನು ತಂದೆತಾಯಿಗಳು ಅವನ ಮಾತಿನಲ್ಲಿಯೇ ಕೇಳಿ ತಿಳಿಯಬೇಕು. ಕೆಟ್ಟ ಸಹವಾಸದಿಂದಾಯಿತೆಂದು ತಾವೇ ನಿರ್ಣಯಿಸಬಾರದು. ದೀಕ್ಷೆಯು ಅರಿವಿನಿಂದ ಬರಬೇಕಾದುದು. ಬಲಾತ್ಕಾರದಿಂದ ಕಟ್ಟಿದ ಲಿಂಗವು ಕೊರಳಿನ ಭಾರವೇ ಹೊರತು ಅಂಗದ ಸಂಗಾತಿಯಾಗಲಾರದು. ಮಗನಾದವನು ತಾಯಿಯ ಪೂಜೆಯ ಹೊತ್ತಿನಲ್ಲಿ ನೀರನ್ನೋ ಹೂವನ್ನೋ ತಂದುಕೊಟ್ಟರೆ ಅವನ ವಿಚಾರವಾದಕ್ಕೆ ಭಂಗವಿಲ್ಲ. ಅದು ದೇವರಿಗಲ್ಲ, ತಾಯಿಗೆ ಸಲ್ಲುವ ಸೇವೆ. ದೈವದ ಮುಂದೆ ಕೈಚಾಚದ ಸೊಸೆಯು ಅಡುಗೆಯ ಮನೆಯಲ್ಲಿ ನೂರು ಮಂದಿಗೆ ಬಡಿಸಲು ನಿಂತರೆ ಅವಳನ್ನು ಕುಟುಂಬದವರು ಹೊರಗಿನವಳೆಂದು ಕಾಣಬಾರದು. ದೇಹದಾನ ಮಾಡಿದ ತಂದೆಯ ಇಚ್ಛೆಯನ್ನು ಪಾಲಿಸಬೇಕು. ತಾಯಿಯ ಸಮಾಧಾನಕ್ಕಾಗಿ ಮನೆಯಲ್ಲಿ ಗಣಾರಾಧನೆಯನ್ನೂ ದಾಸೋಹವನ್ನೂ ನಡೆಸಬಹುದು. ಎರಡಕ್ಕೂ ಎಡೆಯುಂಟು. ಇಂತಹ ಇಚ್ಛೆಗಳನ್ನು ಬದುಕಿದ್ದಾಗಲೇ ಮನೆಯವರೆಲ್ಲರೊಡನೆ ಮಾತಾಡಿ, ಬರವಣಿಗೆಯಲ್ಲಿಟ್ಟರೆ ಸಾವಿನ ಮನೆಯಲ್ಲಿ ಕಲಹವುಂಟಾಗುವುದು ತಪ್ಪುತ್ತದೆ.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಎದುರುಪಕ್ಷದ ಮಾತನ್ನು ಅವರೇ ಒಪ್ಪುವಂತೆ ಹೇಳಬಲ್ಲವನಾಗುವುದು ಮೊದಲನೆಯದು. ನಂಬಿಕೆಯನ್ನೂ ಹಾನಿಯನ್ನೂ ಬೇರ್ಪಡಿಸಿ, ಹಾನಿಯನ್ನು ವಿರೋಧಿಸುವಾಗಲೂ ನಂಬಿದವನನ್ನು ಹೀನೈಸದಿರುವುದು ಎರಡನೆಯದು. ಸತ್ಯ, ನ್ಯಾಯ, ದಯೆಗಳ ಕಾರ್ಯ ಬಂದಾಗ ನೀನು ಯಾರನ್ನು ಪೂಜಿಸುವೆ ಎಂದು ಕೇಳದೆ ಜೊತೆಯಲ್ಲಿ ಕೈಹಚ್ಚುವುದು ಮೂರನೆಯದು. ಇವುಗಳಲ್ಲಿ ಒಂದಾದರೂ ಆಸ್ತಿಕನಿಂದ ಅವನ ದೇವರನ್ನು ಕಸಿಯುವುದಿಲ್ಲ, ನಾಸ್ತಿಕನ ಮೇಲೆ ದೇವರನ್ನು ಹೇರುವುದಿಲ್ಲ. ವಾದವು ನಡೆಯುತ್ತಲೇ ಇರಲಿ. ಬಹುಕಾಲ ನಡೆದು ಬಂದ ಈ ವಾದವು ಇನ್ನೂ ಮುಗಿದಿಲ್ಲವೆಂಬುದೇ ಅದು ಎಷ್ಟು ಗಹನವಾದುದೆಂಬುದನ್ನು ತೋರಿಸುತ್ತದೆ. ಶರಣರ ಅನುಭವಮಂಟಪವು ಭಿನ್ನಭಿನ್ನ ಕಾಯಕದವರೂ ಸ್ವಭಾವದವರೂ ಕೂಡಿ ಕುಳಿತು ಪ್ರಶ್ನಿಸಿ ಅರಿತ ತಾಣವೆಂದು ನಾವು ಹೆಮ್ಮೆಪಡುತ್ತೇವೆ. ಇಂದು ‘ದೇವರಿಲ್ಲ’ ಎನ್ನುವವನು ಸಜ್ಜನನಾಗಿ ಬಂದು ಕುಳಿತರೆ ಅವನಿಗೂ ಒಂದು ಆಸನವನ್ನು ತೋರುವುದು ಆ ಪರಂಪರೆಯ ವಾರಸುದಾರರಿಗೆ ಉಚಿತವಾದ ಧರ್ಮ.